ಬೆಂಗಳೂರಿನಲ್ಲಿ ಮನೆ ಕೊಳ್ಳುವ ಮುನ್ನ ನೀರಿನ ದಾರಿ ತಿಳಿಯಿರಿ

ಮಗನೋ ಮಗಳೋ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಕುಟುಂಬಗಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ. ಬಾಡಿಗೆ ಕಟ್ಟಿ ಸಾಕಾಗಿ, ಅಲ್ಲೇ ಸ್ವಂತ ಮನೆ ಮಾಡೋಣ ಎಂಬ ಮಾತು ಒಂದು ದಿನ ಬಂದೇ ಬರುತ್ತದೆ. ಊರಿನ ಜಾಗದ ಹಣ, ಗಲ್ಫ್‌ನ ಉಳಿತಾಯ, ಇಪ್ಪತ್ತು ವರ್ಷಗಳ ಬ್ಯಾಂಕ್ ಸಾಲ ಎಲ್ಲವೂ ಆ ಒಂದು ಮನೆಗೆ ಹೋಗುತ್ತದೆ. ಆದ್ದರಿಂದ ದಾಖಲೆಗಳ ಜೊತೆಗೆ ಇನ್ನೊಂದು ವಿಷಯವನ್ನು ಪರಿಶೀಲಿಸುವುದು ಅಗತ್ಯ. ಅದೇ ಮಳೆನೀರು.

ಕರಾವಳಿಯವರಾದ ನಮಗೆ ನೆರೆ ಹೊಸದಲ್ಲ. 1923 ಮತ್ತು 1974ರ ನೇತ್ರಾವತಿ ನೆರೆಯನ್ನು ಬಂಟ್ವಾಳದ ಕಡೆ ಇಂದಿಗೂ ನೆನೆಯುತ್ತಾರೆ. ಊರಿನಲ್ಲಿ ಜಾಗ ನೋಡುವಾಗ ಹೊಳೆ ಎಲ್ಲಿದೆ, ತೋಡು ಯಾವ ಕಡೆ ಹರಿಯುತ್ತದೆ ಎಂದು ಮೊದಲು ಕೇಳುತ್ತೇವೆ. ಆದರೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಕಣ್ಣಿಗೆ ಕಾಣುವ ದೊಡ್ಡ ಹೊಳೆಯಿಲ್ಲ. ಹಾಗಾಗಿ ಅಲ್ಲಿ ನಾವು ಈ ಪ್ರಶ್ನೆಯನ್ನೇ ಮರೆತುಬಿಡುತ್ತೇವೆ.

ಹಳೆಯ ಬಡಾವಣೆಗಳು ಸುರಕ್ಷಿತವೇ?

2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಬೆಳ್ಳಂದೂರು ಕಡೆ ಬೆಲೆಬಾಳುವ ಮನೆಗಳಿಗೂ ನೀರು ನುಗ್ಗಿ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಅಂದಿನಿಂದ ಅನೇಕರು, ಹೊಸ ಬಡಾವಣೆ ಬೇಡ, ಬಸವನಗುಡಿ, ಮಲ್ಲೇಶ್ವರಂ, ಚಾಮರಾಜಪೇಟೆಯಂಥ ಹಳೆಯ ಜಾಗವೇ ವಾಸಿ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. ಬಸವನಗುಡಿ ಮತ್ತು ಮಲ್ಲೇಶ್ವರಂ 1898ರ ಪ್ಲೇಗ್ ಹಾವಳಿಯ ನಂತರ ಬೆಳೆದವು. ಯೋಜನೆ ಹಾಕಿ ಮಾಡಿದ ಈ ಬಡಾವಣೆಗಳ ಬಹುಭಾಗ ಎತ್ತರದ ನೆಲದಲ್ಲಿದೆ.

ಆದರೆ ಎತ್ತರವಿದ್ದಲ್ಲಿ ಇಳಿಜಾರೂ ಇರುತ್ತದೆ. ವೃಷಭಾವತಿ ನದಿಯ ಉಗಮ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಎಂಬುದು ಜನರ ನಂಬಿಕೆ. ಆ ನೀರು ಮೈಸೂರು ರಸ್ತೆಯ ಕಡೆಗೆ ಇಳಿದು, ಕೆಂಗೇರಿ ದಾಟಿ ಅರ್ಕಾವತಿಯನ್ನು ಸೇರುತ್ತದೆ. ಇಂದು ನಾವು ಅದನ್ನು ಮೋರಿ ಎಂದುಕೊಂಡರೂ ಮಳೆ ಸುರಿದಾಗ ಅದು ನದಿಯೇ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆ ಹೋದರೂ ತಗ್ಗು ಹೋಗುವುದಿಲ್ಲ.

2020ರ ಅಕ್ಟೋಬರ್ 23ರಂದು ಇದೇ ಕಣಿವೆಯ ಹೊಸಕೆರೆಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿತು, ವಾಹನಗಳು ಕೊಚ್ಚಿಹೋದವು. 2023ರ ಮೇ 21ರ ಮಳೆಗೆ ಮಲ್ಲೇಶ್ವರಂನ ಒಂದು ಆಭರಣ ಅಂಗಡಿಗೆ ನೀರು ನುಗ್ಗಿ, ಕೋಟ್ಯಂತರ ರೂಪಾಯಿಯ ಒಡವೆ ಕೊಚ್ಚಿಹೋಯಿತೆಂದು ಮಾಲೀಕರು ತಿಳಿಸಿದ್ದರು. ಆದ್ದರಿಂದ ಬಡಾವಣೆಯ ಹೆಸರು ನೋಡಿದರೆ ಸಾಲದು, ಬೀದಿಯನ್ನೂ ಆ ಮನೆಯನ್ನೂ ನೋಡಬೇಕು.

ಸ್ಥಳದಲ್ಲಿ ನೋಡಬೇಕಾದದ್ದು

ಊರಿನಲ್ಲಿ ನಾವು ದೊಡ್ಡ ತೋಡು ಎನ್ನುವುದನ್ನು ಬೆಂಗಳೂರಿನಲ್ಲಿ ರಾಜಕಾಲುವೆ ಎನ್ನುತ್ತಾರೆ. ಮನೆಯ ಸುತ್ತ ಅರ್ಧ ಕಿಲೋಮೀಟರ್ ನಡೆದು ಅದು ಎಲ್ಲಿದೆ ಎಂದು ಪತ್ತೆಮಾಡಿ. ಹಳೆಯ ಬಡಾವಣೆಗಳಲ್ಲಿ ಅದರ ಮೇಲೆ ಚಪ್ಪಡಿ ಹಾಕಿ ಮುಚ್ಚಿರುವುದುಂಟು. ಕೆರೆ, ಕೋಡಿ, ಟ್ಯಾಂಕ್ ಬಂಡ್ ಎಂಬ ಹೆಸರಿನ ರಸ್ತೆಗಳಿದ್ದರೆ ಅದೂ ಒಂದು ಸೂಚನೆ.

ಮನೆಯ ಹೊಸ್ತಿಲು ರಸ್ತೆಗಿಂತ ಎಷ್ಟು ಎತ್ತರವಿದೆ ಎಂದು ಅಳೆಯಿರಿ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಬಿದ್ದು ರಸ್ತೆ ಏರಿರುತ್ತದೆ. ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕಾಗಿದ್ದರೆ, ನೀರೂ ಇಳಿದೇ ಬರುತ್ತದೆ.

ಮೊಣಕಾಲೆತ್ತರದವರೆಗೆ ಮಾತ್ರ ಹೊಸ ಗಾರೆ ಅಥವಾ ಬಣ್ಣ, ಗೋಡೆಯ ಬುಡದಲ್ಲಿ ಬಿಳಿ ಉಪ್ಪು, ಗೇಟಿನ ಬಳಿ ಕಟ್ಟಿದ ಅಡ್ಡಗೋಡೆ, ಎತ್ತರಕ್ಕೆ ಏರಿಸಿದ ವಿದ್ಯುತ್ ಪ್ಲಗ್ ಕಂಡರೆ ಕಾರಣ ಕೇಳಿ. ಫ್ಲ್ಯಾಟ್ ಆದರೆ ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಯಿರಿ. ನೀರೆತ್ತುವ ಪಂಪ್ ಇದೆಯೇ, ಮೀಟರ್ ಬೋರ್ಡ್, ಜನರೇಟರ್ ಎಲ್ಲಿವೆ ಎಂದು ನೋಡಿ. ನೆಲಮಹಡಿಯ ಮನೆಗಳಲ್ಲಿ ಜೋರು ಮಳೆಗೆ ಒಳಚರಂಡಿಯ ಕೊಳಕು ನೀರು ಶೌಚಾಲಯದ ಮೂಲಕ ಹಿಂದಕ್ಕೆ ಬಂದದ್ದುಂಟೇ ಎಂದೂ ವಿಚಾರಿಸಿ.

ಮಾರುವವರಿಗಿಂತ ನೆರೆಹೊರೆಯವರ ಮಾತು ಹೆಚ್ಚು ನಂಬಲರ್ಹ. ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ಕಾವಲುಗಾರರು ನಿಜ ಹೇಳುತ್ತಾರೆ. "ಇಲ್ಲಿ ನೀರು ನಿಲ್ಲುತ್ತದೆಯೇ?" ಎಂದು ಕೇಳುವ ಬದಲು "ಕಳೆದ ದೊಡ್ಡ ಮಳೆಗೆ ನೀರು ಎಲ್ಲಿಯವರೆಗೆ ಬಂತು?" ಎಂದು ಕೇಳಿ. ಆ ಭಾಗದ ಚರ್ಚಿನಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮೂರಿನವರಿದ್ದರೆ ಅವರನ್ನೂ ವಿಚಾರಿಸಿ.

ಮನೆ ನೋಡಲು ಹೋಗುವ ಕಾಲವೂ ಮುಖ್ಯ. ನಮ್ಮಲ್ಲಿ ಜೂನ್, ಜುಲೈ ಜೋರಾದರೆ, ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ದೊಡ್ಡದು. ಮೇ ತಿಂಗಳ ಸಂಜೆಯ ಮಳೆಯೂ ಕಡಿಮೆಯೇನಲ್ಲ. ಜನವರಿಯಲ್ಲಿ ನೋಡಿ ಮುಂಗಡ ಕೊಡುವ ಬದಲು ಒಂದು ಮಳೆಯ ಸಂಜೆ ಹೋಗಿ ನೋಡಿ.

ಕಾಗದಪತ್ರ ಮತ್ತು ವಿಮೆ

ಋಣಭಾರ ಪತ್ರದಲ್ಲಿ ಸಾಲ, ಮಾರಾಟದ ವಿವರ ಸಿಗುತ್ತದೆಯೇ ಹೊರತು ನೀರಿನ ವಿಷಯ ಸಿಗುವುದಿಲ್ಲ. ಖಾತಾ ತೆರಿಗೆಗೆ ಸಂಬಂಧಿಸಿದ್ದು. 2016ರ ಆಗಸ್ಟ್‌ನಲ್ಲಿ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ, ನೋಂದಣಿ ಪತ್ರ ಕೈಯಲ್ಲಿದ್ದವರೂ ಮನೆ ಕಳೆದುಕೊಂಡರು. ಆದ್ದರಿಂದ ಹಳೆಯ ಗ್ರಾಮನಕ್ಷೆ ಅಥವಾ ಸರ್ವೆ ನಕ್ಷೆಯನ್ನು ತೆಗೆಸಿ, ಕಾಲುವೆ, ಕೆರೆ, ಖರಾಬು ಜಾಗ ಎಲ್ಲಿದೆಯೆಂದು ವಕೀಲರಿಂದ ಮತ್ತು ಸರ್ವೆಯರ್‌ರಿಂದ ಪರಿಶೀಲಿಸಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಬಹುದು.

ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ಪ್ರಕಾರ ರಾಜಕಾಲುವೆಯ ಮಧ್ಯದಿಂದ ಬಿಡಬೇಕಾದ ಅಂತರ ಪ್ರಥಮ ದರ್ಜೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತ್ತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು. ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಯೋಚನೆಯಿದ್ದರೆ, ಖರೀದಿಯ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಗೃಹವಿಮೆ ಮಾಡಿಸಲು ಮರೆಯಬೇಡಿ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆಹಾನಿಯೂ ಸೇರಿದೆ. ಬ್ಯಾಂಕಿನವರು ಸಾಲದ ಜೊತೆ ಕೊಡುವ ವಿಮೆ ಸಾಲಗಾರನ ಜೀವಕ್ಕೋ ಮನೆಗೋ ಎಂದು ಓದಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಮನೆ ಹಿಡಿಸಿದರೆ ಸಂತೋಷದಿಂದ ಕೊಳ್ಳಿ. ಸಂಶಯ ಉಳಿದರೆ ಮೇಲಿನ ಮಹಡಿಯ ಫ್ಲ್ಯಾಟನ್ನೋ ಪಕ್ಕದ ಎತ್ತರದ ಬೀದಿಯನ್ನೋ ನೋಡಿ. ಮುಂಗಡ ಕೊಡುವ ಮುಂಚೆ ಹಿಂದೆ ಸರಿಯುವುದು ಸುಲಭ, ಸಾಲದ ಕಂತು ಶುರುವಾದ ಮೇಲೆ ಕಷ್ಟ. ಬೆಂಗಳೂರಿನಲ್ಲಿ ಮನೆ ಹುಡುಕುತ್ತಿರುವ ಮಕ್ಕಳಿಗೆ ಹಿರಿಯರು ಈ ಮಾತನ್ನು ಈಗಲೇ ತಿಳಿಸುವುದು ಒಳ್ಳೆಯದು.