ಕ್ರಫ್ಟ್ಸ್ ಶ್ವಾನ ಪ್ರದರ್ಶನ

ಕ್ರಫ್ಟ್ಸ್ ಎಂಬುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ನಾಲ್ಕು ದಿನ ನಡೆಯುವ ಶ್ವಾನ ಪ್ರದರ್ಶನ. 1873ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನು ನಡೆಸುತ್ತದೆ. ವಿಧೇಯತೆ, ಚುರುಕುತನ ಮೊದಲಾದ ಸ್ಪರ್ಧೆಗಳೂ ಇಲ್ಲಿವೆಯಾದರೂ ಶುದ್ಧ ತಳಿಯ ನಾಯಿಗಳ ಅಂಗಲಕ್ಷಣ ಪರೀಕ್ಷೆಯೇ ಪ್ರಧಾನವಾದುದು.

ಹಿನ್ನೆಲೆ

ನಾಯಿ ಬಿಸ್ಕತ್ತಿನ ವ್ಯಾಪಾರಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ತನ್ನ ಹೆಸರಿನ ಮೊದಲ ಪ್ರದರ್ಶನವನ್ನು ಏರ್ಪಡಿಸಿದನು. ಈತನ ಮನೆಯಲ್ಲಿದ್ದುದು ನಾಯಿಯಲ್ಲ, ಬೆಕ್ಕು ಎಂಬ ಮಾತೂ ಪ್ರಚಾರದಲ್ಲಿದೆ. 1938ರಲ್ಲಿ ಆತ ತೀರಿಕೊಂಡ ಮೇಲೆ ಪ್ರದರ್ಶನದ ಹಕ್ಕು ಕೆನಲ್ ಕ್ಲಬ್ಬಿಗೆ ಬಂದಿತು. ಯುದ್ಧಾನಂತರ 1948ರಲ್ಲಿ ಕ್ಲಬ್ಬಿನ ಮೊದಲ ಪ್ರದರ್ಶನ ನಡೆಯಿತು. 1991ರಿಂದ ಇದು ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಗೊಂಡಿದೆ.

ತೀರ್ಪಿನ ಕ್ರಮ

ಹೊಸದಾಗಿ ನೋಡುವವರಿಗೆ ಇದು ಸೌಂದರ್ಯಸ್ಪರ್ಧೆಯಂತೆ ತೋರುವುದು ಸಹಜ. ವಾಸ್ತವವಾಗಿ ತೀರ್ಪುಗಾರರು ಒಂದು ನಾಯಿಯನ್ನು ಇನ್ನೊಂದರೊಡನೆ ನೇರವಾಗಿ ಹೋಲಿಸುವುದಿಲ್ಲ. ಪ್ರತಿಯೊಂದು ತಳಿಗೂ ಲಿಖಿತ ಲಕ್ಷಣವಿವರಣೆಯೊಂದು ಇರುತ್ತದೆ. ಎದುರಿಗಿರುವ ನಾಯಿ ಆ ವಿವರಣೆಗೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ಅಳೆಯುತ್ತಾರೆ. ಚಿಕ್ಕ ಕೈಚೀಲದಷ್ಟಿರುವ ಪೀಕಿಂಗೀಸನ್ನೂ ಕರುವಿನಷ್ಟು ಎತ್ತರದ ಗ್ರೇಟ್ ಡೇನನ್ನೂ ಒಂದೇ ಕಣದಲ್ಲಿ ನಿಲ್ಲಿಸಲು ಸಾಧ್ಯವಾಗುವುದು ಇದರಿಂದಲೇ.

ಈ ಲಕ್ಷಣಗಳಲ್ಲಿ ಅನೇಕವು ನಾಯಿಯ ಮೂಲ ಕಸುಬಿನಿಂದ ಬಂದವು. ಬಿಲದೊಳಗೆ ನುಗ್ಗಬೇಕಾದ ಡ್ಯಾಶ್‌ಹುಂಡ್‌ಗೆ ಗಿಡ್ಡ ಕಾಲು, ಓಡಬೇಕಾದ ಗ್ರೇಹೌಂಡ್‌ಗೆ ಆಳವಾದ ಎದೆ. ತೀರ್ಪುಗಾರರು ಹಲ್ಲುಗಳ ಜೋಡಣೆಯನ್ನು ನೋಡುತ್ತಾರೆ. ದಟ್ಟ ಕೂದಲು ಕಣ್ಣಿಗೆ ಮರೆಮಾಡುವ ಭುಜ, ಪಕ್ಕೆಲುಬು, ಬೆನ್ನುಗಳನ್ನು ಕೈಯಿಂದ ಸವರಿ ತಿಳಿಯುತ್ತಾರೆ. ಸಣ್ಣ ತಳಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ಪರೀಕ್ಷಿಸುವುದು ವಾಡಿಕೆ. ಅನಂತರ ನಾಯಿಯನ್ನು ನಡೆಸಿ ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ಗಮನಿಸುತ್ತಾರೆ. ನಿಂತಾಗ ಮುಚ್ಚಿಡಬಹುದಾದ ದೋಷ ನಡೆಯುವಾಗ ಬಯಲಾಗುತ್ತದೆ. ಪ್ರೇಕ್ಷಕನು ಕೂದಲಿನ ಹೊಳಪಿಗಿಂತ ಈ ನಡಿಗೆಯನ್ನು ನೋಡಲು ಕಲಿತರೆ ತೀರ್ಪು ಬಹುಮಟ್ಟಿಗೆ ಅರ್ಥವಾಗುತ್ತದೆ.

ತಳಿಯಲ್ಲಿ ಶ್ರೇಷ್ಠವೆನಿಸಿದ ನಾಯಿ ತನ್ನ ಗುಂಪಿನ ಸುತ್ತಿಗೆ ಹೋಗುತ್ತದೆ. ಹೌಂಡ್, ಗನ್‌ಡಾಗ್, ಟೆರಿಯರ್, ಯುಟಿಲಿಟಿ, ವರ್ಕಿಂಗ್, ಪ್ಯಾಸ್ಟೋರಲ್, ಟಾಯ್ ಎಂಬ ಏಳು ಗುಂಪುಗಳ ವಿಜೇತರಲ್ಲಿ ಒಂದಕ್ಕೆ ಸರ್ವಶ್ರೇಷ್ಠ ಪ್ರಶಸ್ತಿ. ಇದನ್ನು ಮೊದಲು ಕೊಟ್ಟದ್ದು 1928ರಲ್ಲಿ, ಒಂದು ಗ್ರೇಹೌಂಡಿಗೆ.

ವಿವಾದ

ಗೆದ್ದ ನಾಯಿಗೆ ಸಂತಾನಾಭಿವೃದ್ಧಿಗಾಗಿ ಬೇಡಿಕೆ ಹೆಚ್ಚುವುದರಿಂದ ಕಣದ ತೀರ್ಪು ಮುಂದಿನ ಪೀಳಿಗೆಗಳ ಮೈಕಟ್ಟನ್ನೂ ನಿರ್ಧರಿಸುತ್ತದೆ. ಚಪ್ಪಟೆ ಮೂತಿ ಮೆಚ್ಚುಗೆಯಾದರೆ ಮೂತಿ ಇನ್ನಷ್ಟು ಚಪ್ಪಟೆಯಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಬುಲ್‌ಡಾಗ್‌ನ ತಲೆ ದೊಡ್ಡದಾಗಿ ಸೊಂಟ ಕಿರಿದಾದುದರಿಂದ ಮರಿಗಳನ್ನು ಅನೇಕವೇಳೆ ಶಸ್ತ್ರಚಿಕಿತ್ಸೆಯಿಂದಲೇ ಹೊರತೆಗೆಯಬೇಕಾಗುತ್ತದೆ. 2008ರಲ್ಲಿ ಬಿಬಿಸಿ ಇಂಥ ತೊಂದರೆಗಳ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ಬಿತ್ತರಿಸಿತು. ಮರುವರ್ಷ ಪ್ರದರ್ಶನದ ಪ್ರಸಾರವನ್ನೇ ಕೈಬಿಟ್ಟಿತು. ಕೆನಲ್ ಕ್ಲಬ್ ತಳಿಗಳ ಲಕ್ಷಣವಿವರಣೆಗಳನ್ನು ಪರಿಷ್ಕರಿಸಿತು. 2012ರಲ್ಲಿ 15 ತಳಿಗಳ ವಿಜೇತರಿಗೆ ಗುಂಪಿನ ಸುತ್ತಿಗೆ ಮುನ್ನ ಪಶುವೈದ್ಯರ ತಪಾಸಣೆ ಕಡ್ಡಾಯವಾಯಿತು. ಆ ವರ್ಷ ಪೀಕಿಂಗೀಸ್, ಬುಲ್‌ಡಾಗ್ ಸೇರಿ ಆರು ತಳಿಗಳ ವಿಜೇತ ನಾಯಿಗಳು ತಪಾಸಣೆಯಲ್ಲಿ ಅನುತ್ತೀರ್ಣವಾಗಿ ಮುಂದಿನ ಸುತ್ತಿಗೆ ಅನರ್ಹವಾದವು. ತೀರ್ಪುಗಾರರು ಮೆಚ್ಚಿದ್ದನ್ನು ವೈದ್ಯರು ತಡೆದರೆಂದು ತಳಿಪೋಷಕರು ಪ್ರತಿಭಟಿಸಿದರೂ ನಿಯಮ ಉಳಿಯಿತು. ಆದರೂ 2016ರಲ್ಲಿ, ಬೆನ್ನು ಹಿಂದಕ್ಕೆ ಇಳಿಜಾರಾಗಿದ್ದು ನಡಿಗೆ ತೊಡಕಾಗಿ ಕಂಡ ಜರ್ಮನ್ ಶೆಫರ್ಡ್ ಒಂದು ತನ್ನ ತಳಿಯಲ್ಲಿ ಶ್ರೇಷ್ಠವೆಂದು ಆಯ್ಕೆಯಾದಾಗ ಬ್ರಿಟನ್ನಿನಲ್ಲಿ ಮತ್ತೆ ಟೀಕೆಗಳೆದ್ದವು.