ಬೈಕಿನ ಬೆನ್ನು ಮುರಿದಾಗ

ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ ಸಂಸಾರ ಸಾಕುವವರು ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಇದ್ದಾರೆ. ಸುಬ್‌ಹಿ ನಮಾಝ್ ಮುಗಿಸಿ ಧಕ್ಕೆಗೆ ಹೋಗಿ ಮೀನು ತುಂಬಿಸಿಕೊಂಡು ಹಳ್ಳಿ ಹಳ್ಳಿ ತಿರುಗುವವರು, ಬೇಕರಿ ತಿಂಡಿಯನ್ನು ಅಂಗಡಿಗಳಿಗೆ ಹಾಕುವವರು, ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆಗೆ ಹೋಗುವವರು, ಗುಜರಿ ಹೆಕ್ಕುವವರು. ತುಳುವಿನ ‘ಬ್ಯಾರ’ ಅಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎನ್ನುವವರಿದ್ದಾರೆ. ಆ ಬ್ಯಾರ ಮೊದಲು ತಲೆಹೊರೆಯಲ್ಲಿ ನಡೆಯಿತು, ಆಮೇಲೆ ಸೈಕಲ್ಲಿನ ಕ್ಯಾರಿಯರ್ ಮೇಲೆ, ಆಮೇಲೆ ಎಂ80 ಮೇಲೆ. ಈಗ ನೂರು, ನೂರಿಪ್ಪತ್ತೈದು ಸಿಸಿಯ ಬೈಕಿನ ಮೇಲೆ. ತಲೆಹೊರೆಯ ಕಾಲದಲ್ಲಿ ಭಾರ ಹೆಚ್ಚಾದರೆ ಕುತ್ತಿಗೆಯೇ ಹೇಳುತ್ತಿತ್ತು. ಬೈಕಿನ ಕುತ್ತಿಗೆ ಹಾಗೆ ಹೇಳುವುದಿಲ್ಲ. ಒಂದು ದಿನ ಸೀದಾ ಮುರಿಯುತ್ತದೆ.

ಹಾಗೆ ಮುರಿದ ಒಂದು ಬೈಕನ್ನು ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಧಾರವಾಡದ ಸಪ್ತಾಪುರದಲ್ಲಿ ಹತ್ತಿರದಿಂದ ನೋಡಿದೆ. ಸಪ್ತಾಪುರ ನಮ್ಮ ಕರಾವಳಿಯವರಿಗೆ ಈಗ ಹೊಸ ಹೆಸರಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಹೊರಟ ಮಕ್ಕಳಲ್ಲಿ ಅನೇಕರು ಬ್ಯಾಗ್ ಇಳಿಸುವುದು ಅಲ್ಲಿಯೇ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಹತ್ತಿರದಲ್ಲೇ ಉಂಟು. ಸಪ್ತಾಪುರ ಬಾವಿಯ ಸುತ್ತಮುತ್ತಲಿನ ಬೀದಿಗಳಲ್ಲಿ ಕೋಚಿಂಗ್ ಸೆಂಟರ್, ಪಿಜಿ, ಮೆಸ್, ಬುಕ್ ಸ್ಟಾಲ್. ಅವುಗಳ ನಡುನಡುವೆ ಝೆರಾಕ್ಸ್ ಅಂಗಡಿ. ಬೆಳಗ್ಗೆಯಿಂದ ರಾತ್ರಿಯವರೆಗೆ ನೋಟ್ಸ್ ಪ್ರಿಂಟ್ ಆಗುತ್ತಲೇ ಇರುತ್ತದೆ.

ಬಂಟ್ವಾಳ ಕಡೆಯ ಒಬ್ಬ ಹುಡುಗ ಅಲ್ಲಿ ಪರೀಕ್ಷೆಗೆ ಓದಲು ಹೋದವ, ಮನೆಯಿಂದ ದುಡ್ಡು ತರಿಸಿಕೊಳ್ಳಲು ನಾಚಿಕೆಯಾಗಿ ಅರ್ಧ ದಿನದ ಕೆಲಸ ಹಿಡಿದಿದ್ದ. ಹೋಲ್‌ಸೇಲ್ ಅಂಗಡಿಯಿಂದ ಕಾಗದದ ಬಾಕ್ಸ್‌ಗಳನ್ನು ಝೆರಾಕ್ಸ್ ಅಂಗಡಿಗಳಿಗೆ ಮುಟ್ಟಿಸುವುದು. ಬೈಕ್ ಅವನದ್ದೇ, ಸೆಕೆಂಡ್ ಹ್ಯಾಂಡ್. ಬಾಕ್ಸ್‌ಗೆ ಇಂತಿಷ್ಟು ಎಂದು ಕೂಲಿ. ಹಾಗಾಗಿ ಒಂದು ಟ್ರಿಪ್‌ಗೆ ಮೂರು ಬಾಕ್ಸ್, ಒಂದರ ಮೇಲೊಂದು, ಸೀಟಿನ ಹಿಂದಿನ ಕ್ಯಾರಿಯರ್ ಮೇಲೆ.

ಕಾಗದ ಅಂದರೆ ಹಗುರ ಎಂದು ನಾವು ತಿಳಿಯುತ್ತೇವೆ. ಲೆಕ್ಕ ಹಾಕಿ ನೋಡಿ. 75 ಜಿಎಸ್‌ಎಂ ಎ4 ಕಾಗದದ 500 ಹಾಳೆಯ ಒಂದು ಕಟ್ಟು ಸುಮಾರು 2.3 ಕಿಲೋ. ಒಂದು ಬಾಕ್ಸ್‌ನಲ್ಲಿ ಅಂಥ 10 ಕಟ್ಟು ಇದ್ದರೆ 23 ಕಿಲೋ ದಾಟಿತು. ಮೂರು ಬಾಕ್ಸ್‌ಗೆ 70 ಕಿಲೋ. ಒಬ್ಬ ದೊಡ್ಡ ಮನುಷ್ಯ ಸೀಟಿನ ಮೇಲಲ್ಲ, ಸೀಟಿಗಿಂತ ಹಿಂದೆ, ಟೈಲ್ ಲ್ಯಾಂಪಿನ ಮೇಲೆ ಕುಳಿತ ಹಾಗೆ. ಅದೂ ದಿನಕ್ಕೆ ಐದಾರು ಸಲ.

ಒಂದು ಮಧ್ಯಾಹ್ನ ಹಂಪ್ ಹತ್ತಿ ಇಳಿಯುವಾಗ ‘ಕಟ್’ ಎಂದಿತಂತೆ. ಸೀಟು ಹಿಂದಕ್ಕೆ ವಾಲಿತು, ಮಡ್‌ಗಾರ್ಡ್ ಟಯರಿಗೆ ತಾಗಿ ಬೈಕ್ ನಿಂತಿತು. ಹಿಂದೆ ಶಾಲೆ ಮಕ್ಕಳ ಆಟೋ ಇತ್ತು. ನಿಧಾನದಲ್ಲಿದ್ದ ಕಾರಣ ಎಲ್ಲರೂ ಉಳಿದರು, ಅಲ್‌ಹಮ್ದುಲಿಲ್ಲಾಹ್. ಇದೇ ಬೈಕಿನಲ್ಲಿ ಅವ ಮುಂದಿನ ವಾರ ಅಂಕೋಲಾ ದಾರಿಯಾಗಿ ಊರಿಗೆ ಹೊರಡುವವನಿದ್ದ. ಅರಬೈಲ್ ಘಾಟಿಯ ತಿರುವಿನಲ್ಲಿ, ಎದುರಿನಿಂದ ಲಾರಿ ಬರುವಾಗ ಆ ‘ಕಟ್’ ಕೇಳಿಸಿದ್ದರೆ ಈ ಲೇಖನದ ವಿಷಯ ಬೇರೆಯೇ ಆಗುತ್ತಿತ್ತು.

ಬೈಕನ್ನು ತಳ್ಳಿಕೊಂಡು ಹೋದ ಗ್ಯಾರೇಜಿನಲ್ಲಿ ಒಂದು ತಮಾಷೆ. ನಮ್ಮಲ್ಲಿ ಉಸ್ತಾದ್ ಅಂದರೆ ಮದ್ರಸದಲ್ಲಿ ಕಲಿಸುವವರು. ಅಲ್ಲಿ ಗ್ಯಾರೇಜ್ ಹುಡುಗರಿಗೆ ಉಸ್ತಾದ್ ಅಂದರೆ ಪಾನಾ ಹಿಡಿದ ಹಿರಿಯ ಮೆಕ್ಯಾನಿಕ್. ನಾನು ಮೌಲಾನಾ ಆದೆ. ಹುಡುಗ ‘ಉಸ್ತಾದೇ’ ಎಂದು ನನ್ನನ್ನು ಕರೆದಾಗಲೆಲ್ಲ ಆ ಮೆಕ್ಯಾನಿಕ್ ತಲೆ ಎತ್ತಿ ನೋಡುತ್ತಿದ್ದರು. ಸೀಟು ಬಿಚ್ಚಿ, ಮುರಿದ ಪೈಪಿಗೆ ಟಾರ್ಚ್ ಹಿಡಿದು ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಇದು ಇವತ್ತ ಮುರದದ್ದಲ್ಲರಿ ಮೌಲಾನಾ. ಇಲ್ಲೆ ನೋಡ್ರಿ, ಅರ್ಧ ತುಕ್ಕ ಹಿಡದೈತಿ, ಅರ್ಧ ಹೊಳ್ಯಾಕತ್ತೇತಿ. ತುಕ್ಕ ಹಿಡದದ್ದು ಹಳೇ ಸೀಳ. ಹೊಳ್ಯಾದಷ್ಟ ಇವತ್ತಿಂದು.”

ವಿಷಯ ಇರುವುದೇ ಇಲ್ಲಿ. ಬೈಕಿನ ಚಾಸಿಸ್‌ನಲ್ಲಿ ಎಂಜಿನ್ ಹಿಡಿದುಕೊಳ್ಳುವ ಮುಂಭಾಗ ದಪ್ಪ. ಸೀಟಿನ ಕೆಳಗಿನಿಂದ ಹಿಂದಕ್ಕೆ ಚಾಚಿದ ಭಾಗ, ಅದಕ್ಕೆ ಸಬ್‌ಫ್ರೇಮ್ ಎನ್ನುತ್ತಾರೆ, ತೆಳು ಪೈಪಿನದ್ದು. ಸೀಟು, ಮಡ್‌ಗಾರ್ಡ್, ಹಿಂದೆ ಕೂರುವ ಒಬ್ಬ ಮನುಷ್ಯ, ಇಷ್ಟಕ್ಕೆಂದು ಮಾಡಿದ್ದು. ಶಾಕ್ ಅಬ್ಸಾರ್ಬರ್ ಸಿಕ್ಕಿಸಿದ ಜಾಗದಿಂದ ಹಿಂದಕ್ಕೆ ಅದಕ್ಕೆ ಕೆಳಗಿನ ಆಸರೆಯೇ ಇಲ್ಲ, ಗೋಡೆಯಿಂದ ಹೊರಬಂದ ಸಜ್ಜದ ಹಾಗೆ. ಸಜ್ಜದ ತುದಿಯಲ್ಲಿ ನಿಂತರೆ ಹೇಗೆ, ಗೋಡೆ ಹತ್ತಿರ ನಿಂತರೆ ಹೇಗೆ ಎಂದು ಗಾರೆ ಕೆಲಸದವರಿಗೆ ಹೇಳಿಕೊಡಬೇಕಾಗಿಲ್ಲ. 70 ಕಿಲೋ ಹೊರೆ ಆ ಜಾಗದಿಂದ 40 ಸೆಂಟಿಮೀಟರ್ ಹಿಂದಿದ್ದರೆ ಪೈಪನ್ನು ಬಗ್ಗಿಸುವ ಬಲ ಎಷ್ಟೋ, 20 ಸೆಂಟಿಮೀಟರಿಗೆ ತಂದರೆ ಅದರ ಅರ್ಧ. ಒಂದು ಕಿಲೋ ಕೂಡ ಇಳಿಸದೆ ಅರ್ಧ! ಇನ್ನು ಹಂಪ್ ಮೇಲೆ ಜಿಗಿದಾಗ 70 ಕಿಲೋ 70 ಆಗಿ ಉಳಿಯುವುದಿಲ್ಲ. ಒಂದು ಕ್ಷಣಕ್ಕೆ ಇಮ್ಮಡಿ, ಅದಕ್ಕಿಂತಲೂ ಹೆಚ್ಚು ಆಗಬಹುದು.

ಹಾಗಂತ ಕಬ್ಬಿಣ ಒಂದೇ ಪೆಟ್ಟಿಗೆ ಮುರಿಯುವುದು ಕಡಿಮೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆ ಲಕ್ಷಾಂತರ ಸಲ ಸ್ವಲ್ಪ ಸ್ವಲ್ಪವೇ ಬಗ್ಗಿ, ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟು, ಅದು ಬೆಳೆಯುತ್ತಾ ಹೋಗುತ್ತದೆ. ವೆಲ್ಡಿಂಗ್ ಜೋಡಣೆಗಳಿಗೆ ಎಂಜಿನಿಯರುಗಳು ಹಿಡಿಯುವ ಒಂದು ಸ್ಥೂಲ ಲೆಕ್ಕ ಕೇಳಿದರೆ ಯಾರಿಗೂ ಭಯವಾಗಬೇಕು: ಅದರ ಮೇಲೆ ಬೀಳುವ ಬಲ ಇಮ್ಮಡಿಯಾದರೆ ಅದರ ಆಯುಸ್ಸು ಅರ್ಧವಾಗುವುದಲ್ಲ, ಎಂಟನೇ ಒಂದು ಪಾಲಾಗುತ್ತದೆ. ‘ಇಷ್ಟು ವರ್ಷ ಹೊತ್ತಿದೆ, ಎಂತ ಆಗಿದೆ?’ ಎಂದು ಕೇಳುವವರಿಗೆ ಉತ್ತರ ಇದರಲ್ಲಿ ಉಂಟು. ಇಷ್ಟು ವರ್ಷ ಹೊತ್ತದ್ದರಿಂದಲೇ ಆಗಿದೆ.

ಕರಾವಳಿಯ ಮೀನಿನ ಬೈಕುಗಳಿಗೆ ಇನ್ನೊಂದು ಕಾಟ ಉಪ್ಪುನೀರು. ಪೆಟ್ಟಿಗೆಯಿಂದ ತೊಟ್ಟಿಕ್ಕಿದ ಐಸ್ ನೀರು ಪೈಪಿನ ತೂತುಗಳಲ್ಲಿ ಇಳಿದು ಒಳಗಿನಿಂದ ತಿನ್ನುತ್ತದೆ. ಹೊರಗೆ ಕರಿ ಬಣ್ಣ ಮಿಂಚುತ್ತಿರುತ್ತದೆ. ಕೆಲವರು ಬೈಕ್ ಕುಗ್ಗುತ್ತದೆಂದು ಹಿಂದಿನ ಶಾಕ್ ಅಬ್ಸಾರ್ಬರಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸುತ್ತಾರೆ. ಕುಗ್ಗುವುದು ನಿಂತಿತು ಸರಿ, ಆದರೆ ಹೊಂಡದ ಪೆಟ್ಟನ್ನು ಈಗ ಯಾರು ತಿನ್ನಬೇಕು? ಫ್ರೇಮೇ ತಿನ್ನಬೇಕು.

ಹುಡುಗನಿಗೆ ಅವಸರ. ಸಂಜೆಯೊಳಗೆ ಒಂದು ವೆಲ್ಡಿಂಗ್ ಹೊಡೆದು, ಮೇಲೊಂದು ಕಬ್ಬಿಣದ ಪಟ್ಟಿ ಅಂಟಿಸಿ ಕೊಟ್ಟರೆ ಸಾಕು ಎಂದ. ಮೆಕ್ಯಾನಿಕ್ ಒಪ್ಪಲಿಲ್ಲ. “ಹಂಗ ಹೊಡದ ಕೊಡಬೌದು ತಮ್ಮಾ. ಮತ್ತ ಮೂರ ಬಾಕ್ಸ್ ಹೇರಿದ್ರ ವೆಲ್ಡಿಂಗ್ ಗಟ್ಟಿ ಇರತೈತಿ, ಅದರ ಬಾಜೂಕ ಮುರಿತೈತಿ.” ಮಾತು ನಿಜ. ವೆಲ್ಡಿಂಗ್ ಬಿಸಿ ತಾಗಿದ ಅಕ್ಕಪಕ್ಕದ ಜಾಗವೇ ಆಮೇಲೆ ದುರ್ಬಲ. ಉದ್ದಕ್ಕೂ ದಪ್ಪ ಪಟ್ಟಿ ಕೂರಿಸಿ ಒಂದು ಭಾಗವನ್ನು ಕಲ್ಲು ಮಾಡಿದರೆ, ಪಟ್ಟಿ ಮುಗಿಯುವಲ್ಲಿ ಹೊಸ ಸೀಳು ಶುರುವಾಗುತ್ತದೆ.

ಅವರು ಮಾಡಿದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟರು. ಬ್ಯಾಟರಿ ಬಿಚ್ಚಿದರು, ವಯರಿಂಗ್ ಸರಿಸಿದರು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕುಗಳಾದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಿನ ಪ್ಲಗ್ ಕೂಡ ಬಿಚ್ಚಬೇಕು, ಇಲ್ಲದಿದ್ದರೆ ವೆಲ್ಡಿಂಗ್ ಕರೆಂಟ್ ಅದನ್ನು ಸುಡಬಹುದು. ವೆಲ್ಡಿಂಗ್ ಮಿಷನ್ನಿನ ಅರ್ಥ್ ಕ್ಲಿಪ್ಪನ್ನು ಎಲ್ಲೋ ಸ್ಟ್ಯಾಂಡಿಗೆ ಸಿಕ್ಕಿಸದೆ ಬೆಸುಗೆಯ ಪಕ್ಕದಲ್ಲೇ ಹಾಕಿದ್ದನ್ನೂ ನೋಡಿದೆ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಕೆಡಿಸುತ್ತದೆ.

ಆಮೇಲೆ ಬಣ್ಣ ಕೆರೆದು ಸೀಮೆಎಣ್ಣೆ ಹಚ್ಚಿ ಒರೆಸಿದರು, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಪುಡಿಯ ಮೇಲೆ ಸಣ್ಣ ಕಪ್ಪು ಗೆರೆ ಮೂಡಿತು. ಸೀಳಿನೊಳಗೆ ಇಳಿದ ಎಣ್ಣೆ ಮೇಲೆದ್ದು ಬಂದದ್ದು. ಗೆರೆ ಬಂದದ್ದು ಮುರಿದ ಎಡಗಡೆಯಲ್ಲಲ್ಲ, ಸರಿ ಇದೆಯೆಂದು ನಾವೆಲ್ಲ ನಂಬಿದ್ದ ಬಲಗಡೆಯಲ್ಲಿ! ಒಂದು ಪೈಪ್ ಸೋತಾಗ ಇನ್ನೊಂದು ಅದರ ಪಾಲನ್ನೂ ಹೊತ್ತಿರುತ್ತದೆ. ಒಂದೇ ಬದಿ ರಿಪೇರಿ ಮಾಡಿಸುವವರು ಇದನ್ನು ಗಮನಿಸಬೇಕು. ಆ ಗೆರೆ ಮುಗಿಯುವ ತುದಿಯಲ್ಲಿ ಸಣ್ಣ ತೂತು ಕೊರೆದರು. ಸೀಳಿನ ಚೂಪು ತುದಿ ದುಂಡಗಾದರೆ ಮುಂದೆ ಓಡುವುದಿಲ್ಲ. ಆಮೇಲೆ ಸೀಳಿನ ಉದ್ದಕ್ಕೂ ಅರೆದು ವೆಲ್ಡಿಂಗ್ ತುಂಬಿದರು.

ಜಗ್ಗಿದ ಫ್ರೇಮನ್ನು ಜ್ಯಾಕ್ ಕೊಟ್ಟು ಮೇಲೆತ್ತಿ, ಎರಡೂ ಕಡೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳತೆ ಸರಿ ಬರುವವರೆಗೆ ಬೆಸುಗೆ ಮುಟ್ಟಲೇ ಇಲ್ಲ. ಸೊಟ್ಟಗೆ ಬೆಸೆದರೆ ಸೀಟು ಒಂದು ಕಡೆ, ಚಕ್ರ ಒಂದು ಕಡೆ. ಎಡಗಡೆ ಮುರಿದ ತುದಿಗಳನ್ನು ಇಳಿಜಾರಾಗಿ ಅರೆದು, ಪೈಪಿನೊಳಗೆ ಬಿಗಿಯಾಗಿ ಕೂರುವ ಇನ್ನೊಂದು ತುಂಡು ಪೈಪನ್ನು ಎರಡೂ ಬದಿಗೆ ಎರಡೆರಡು ಇಂಚು ಹೋಗುವಂತೆ ಸೇರಿಸಿದರು. ಹೊರಗಿನ ಪೈಪಿನಲ್ಲಿ ತೂತು ಕೊರೆದು, ಆ ತೂತಿನ ಮೂಲಕ ಒಳಗಿನದ್ದಕ್ಕೂ ವೆಲ್ಡಿಂಗ್ ಹಿಡಿಸಿದರು. ಮುರಿದ ಮೂಳೆಗೆ ಡಾಕ್ಟರು ಒಳಗೆ ರಾಡ್ ಹಾಕುತ್ತಾರಲ್ಲ, ಅದೇ ಕ್ರಮ. ಈ ತುಂಡಿಗೆ ನೀರಿನ ಜಿಐ ಪೈಪ್ ಬಳಸುವವರಿದ್ದಾರೆ, ಅದು ಬೇಡ. ಅದರ ಸತುವಿನ ಲೇಪ ಬೆಸುಗೆಯನ್ನು ಕೆಡಿಸುತ್ತದೆ, ಅದರ ಹೊಗೆ ವೆಲ್ಡರಿನ ಎದೆಗೂ ವಿಷ.

ಬೆಸುಗೆಯನ್ನು ಒಂದೇ ಉಸಿರಿಗೆ ಎಳೆಯಲಿಲ್ಲ. ಒಂದಿಷ್ಟು ಇಲ್ಲಿ, ತಣಿದ ಮೇಲೆ ಒಂದಿಷ್ಟು ಅಲ್ಲಿ. ಹುಡುಗ ಬೇಗ ತಣಿಯಲಿ ಎಂದು ಬಾಟಲಿ ನೀರು ಹೊಯ್ಯಲು ಹೋದಾಗ ಬೈಸಿಕೊಂಡ. ಬಿಸಿ ಬೆಸುಗೆಗೆ ನೀರು ಬಿದ್ದರೆ ಕಬ್ಬಿಣ ಗಾಜಿನ ಸ್ವಭಾವಕ್ಕೆ ತಿರುಗುತ್ತದೆ. ಚಂದ ಕಾಣಲೆಂದು ಬೆಸುಗೆಯ ಉಬ್ಬನ್ನು ಗ್ರೈಂಡರಿನಲ್ಲಿ ಪೂರ್ತಿ ಸವರುವುದನ್ನೂ ಅವರು ಮಾಡಲಿಲ್ಲ. 

ಎಲ್ಲ ಸೀಳಿಗೂ ವೆಲ್ಡಿಂಗ್ ಮದ್ದಲ್ಲ. ಹ್ಯಾಂಡಲ್ ಕೂರುವ ತಲೆಭಾಗದಲ್ಲಿ ಅಥವಾ ಹಿಂಚಕ್ರದ ತೋಳು ಸೇರುವ ಜಾಗದಲ್ಲಿ ಸೀಳು ಬಂದರೆ ರಸ್ತೆ ಬದಿಯ ಬೆಸುಗೆಗೆ ಜೀವ ಒಪ್ಪಿಸಬಾರದು. ಆ ಫ್ರೇಮೇ ಬದಲಾಗಬೇಕು. ಚಾಸಿಸ್ ನಂಬರ್ ಕೆತ್ತಿದ ಜಾಗಕ್ಕಂತೂ ಗ್ರೈಂಡರ್ ತಾಗಿಸಲೇಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಫ್ರೇಮ್ ಬದಲಿಸುವುದಿದ್ದರೆ ಆರ್‌ಟಿಒ ದಾರಿಯಲ್ಲೇ ಹೋಗಬೇಕು. ಕೆಲವು ಬೈಕುಗಳಲ್ಲಿ ಸಬ್‌ಫ್ರೇಮ್ ಬೋಲ್ಟ್ ಹಾಕಿ ಕೂರಿಸಿದ್ದು. ಅಂಥದ್ದಕ್ಕೆ ಹೊಸದನ್ನೇ ತಂದು ಹಾಕುವುದು ಒಳ್ಳೆಯದು.

ಎರಡನೇ ದಿನ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: “ಉಸ್ತಾದೇ, ಬಣ್ಣ ಹೊಡೆದ ಮೇಲೆ ಗೊತ್ತಾಗುವುದಿಲ್ಲ. ಮಾರಿಬಿಟ್ಟರೆ ಹೇಗೆ? ನಾನಾಗಿ ಹೇಳಬೇಕೆಂದು ಉಂಟಾ?” ಪಾಪ, ಅವನ ಮೇಲೂ ಸಾಲ ಉಂಟು. ಪ್ರವಾದಿ ಮುಹಮ್ಮದ್ (ಸ.ಅ.) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಇಟ್ಟಾಗ ಒಳಗೆ ಒದ್ದೆ ಸಿಕ್ಕಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿ ಬರುತ್ತದೆ. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೆ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿಯವರು, ವಂಚಿಸುವವನು ತಮ್ಮವನಲ್ಲ ಎಂದರು. ಮಳೆ ಬಂದದ್ದು ಆ ವ್ಯಾಪಾರಿಯ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಒದ್ದೆ ಧಾನ್ಯದಿಂದ ದುಡ್ಡು ನಷ್ಟವಾದೀತು. ಬಣ್ಣದಡಿ ಮುಚ್ಚಿದ ಸೀಳಿನಿಂದ ಕೊಂಡವನ ಹೆಂಡತಿ ಮಕ್ಕಳ ಜೀವ ಹೋದೀತು. ಮಾರುವುದಾದರೆ ಸೀಟು ಎತ್ತಿ ಬೆಸುಗೆ ತೋರಿಸಿ ಮಾರು, ಸಿಕ್ಕಿದ ರೇಟು ನಿನ್ನ ರಿಝ್ಕ್ ಎಂದೆ. ಅವ ಸುಮ್ಮನಾದ. ಮಾರಲಿಲ್ಲ.

ಅಬೂದಾವೂದ್‌ನಲ್ಲಿ ಇನ್ನೊಂದು ಹದೀಸ್ ಉಂಟು, ಅನ್ಸಾರಿಯೊಬ್ಬರ ತೋಟದಲ್ಲಿ ಪ್ರವಾದಿಯವರನ್ನು ಕಂಡು ಕಣ್ಣೀರಿಟ್ಟ ಒಂಟೆಯದ್ದು. ಅವರು ಅದರ ತಲೆ ಸವರಿ ಸಮಾಧಾನ ಮಾಡಿ, ಒಡೆಯನನ್ನು ಕರೆಸಿ, ಇದನ್ನು ಹಸಿವಿನಲ್ಲಿಟ್ಟು ದಣಿಸುತ್ತೀಯೆಂದು ಇದು ದೂರು ಕೊಟ್ಟಿದೆ ಎಂದರು. ಬೈಕಿಗೆ ಜೀವವಿಲ್ಲ, ದೂರು ಕೊಡಲು ಬಾಯಿಲ್ಲ, ಅದು ಬೇರೆ. ಆದರೆ ಅದರ ಮೇಲೆ ಕುಳಿತವನಿಗೆ ಜೀವ ಉಂಟು, ಅವನನ್ನು ಕಾಯುವ ಉಮ್ಮ ಉಂಟು. ಮೂರು ಬಾಕ್ಸ್ ಹೇರಿಸಿ ಕಳಿಸುವ ಅಂಗಡಿ ಮಾಲಕರಿಗೂ ಇದರಲ್ಲಿ ಪಾಲಿದೆ. ಬಾಕ್ಸ್ ಲೆಕ್ಕದಲ್ಲಿ ಕೂಲಿ ಕೊಟ್ಟು, ಭಾರ ಅವನಾಗಿ ಹೇರಿದ್ದು ಎಂದು ಕೈ ತೊಳೆದುಕೊಳ್ಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಈಗ ಅವ ಒಂದು ಟ್ರಿಪ್‌ಗೆ ಎರಡೇ ಬಾಕ್ಸ್ ಒಯ್ಯುತ್ತಾನೆ. ಕ್ಯಾರಿಯರನ್ನು ಕಳಚಿಟ್ಟು, ಸೀಟಿನ ಎರಡೂ ಬದಿ ಹಾಲಿನವರು ಕ್ಯಾನ್ ತೂಗಿಸುವ ಹಾಗೆ ಕಬ್ಬಿಣದ ಚೌಕಟ್ಟು ಮಾಡಿಸಿದ್ದಾನೆ. ಭಾರ ಕೆಳಗೆ ಬಂತು, ಮುಂದಕ್ಕೂ ಬಂತು. ಟ್ರಿಪ್ ಹೆಚ್ಚಾಗಿ ಓದಿನ ಹೊತ್ತು ಅರ್ಧ ಗಂಟೆ ಕಡಿಮೆಯಾಗಿದೆ ಎಂದು ಫೋನಿನಲ್ಲಿ ಹೇಳಿದ. ಬೆಸುಗೆ ಜಾಗಕ್ಕೆ ಮೆಕ್ಯಾನಿಕ್ ಕರಿ ಬಣ್ಣದ ಬದಲು ಬಿಳಿ ಬಣ್ಣ ಹೊಡೆದಿದ್ದಾರೆ. ಹೊಸ ಸೀಳು ಬಿಟ್ಟರೆ ಬಿಳಿಯ ಮೇಲೆ ತುಕ್ಕಿನ ಕೆಂಪು ಗೆರೆ ಕೂಡಲೇ ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ, ಜುಮಾದ ದಿನ ಬೈಕ್ ತೊಳೆಯುವಾಗ, ಸೀಟು ಬಿಚ್ಚಿ ಅದನ್ನು ನೋಡುತ್ತಾನಂತೆ.