ಪಕ್ಕದ ಓಣಿಯ ಗುರುಗಳು

ಯೋಗಪಾಠವನ್ನು ಆರಂಭಿಸುವ ಮುನ್ನ ಶಾಂತಿಮಂತ್ರ ಹೇಳುವ ಪದ್ಧತಿ ನಮ್ಮಲ್ಲಿದೆ. ತೈತ್ತಿರೀಯೋಪನಿಷತ್ತಿನ ಆ ಪ್ರಾರ್ಥನೆಯಲ್ಲಿ ಗುರುಶಿಷ್ಯರು ತಮ್ಮಿಬ್ಬರನ್ನೂ ಒಟ್ಟಿಗೆ ಕಾಪಾಡೆಂದು, ತಮ್ಮಲ್ಲಿ ಪರಸ್ಪರ ದ್ವೇಷ ಹುಟ್ಟದಿರಲೆಂದು ಬೇಡಿಕೊಳ್ಳುತ್ತಾರೆ. ಸೊಲ್ಲಾಪುರದ ಒಂದು ಗುಡಿಯ ಪ್ರಾಂಗಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಾನು ಈ ಮಂತ್ರವನ್ನು ಹೇಳಿಸುತ್ತ ಬಂದಿದ್ದೇನೆ. ಆದರೆ ಒಬ್ಬ ಶಿಕ್ಷಕನಿಗೂ ಇನ್ನೊಬ್ಬ ಶಿಕ್ಷಕನಿಗೂ ನಡುವೆ ಹುಟ್ಟುವ ದ್ವೇಷದ ಗೊಡವೆ ಅದರಲ್ಲಿಲ್ಲ. ಆ ಪಾಠವನ್ನು ನಾನು ಪಕ್ಕದ ಓಣಿಯಲ್ಲಿ ಕಲಿಯಬೇಕಾಯಿತು.

ಆ ಓಣಿಯಲ್ಲಿ ನನ್ನ ಸರೀಕರೊಬ್ಬರು ಯೋಗ ಕಲಿಸುತ್ತಿದ್ದರು. ಗೋಡೆ, ಕುರ್ಚಿ, ಹಗ್ಗ, ಮಡಿಸಿದ ಚಾದರ ಇವೆಲ್ಲವೂ ಅವರ ಪಾಠಕ್ಕೆ ಬೇಕು. ನಾನಾದರೋ ಒಂದೇ ಒಂದು ಜಮಖಾನೆಯ ಮೇಲೆ ಕಲಿತವನು, ಹಾಗೆಯೇ ಕಲಿಸುತ್ತಿದ್ದವನು. ಅವರನ್ನು ‘ಚಾದರದ ಮಾಸ್ತರು’ ಎಂದು ನನ್ನ ಶಿಷ್ಯರ ಮುಂದೆ ಹಾಸ್ಯ ಮಾಡಿದ್ದುಂಟು. ಶಿಷ್ಯರು ನಕ್ಕಾಗ ನನಗೆ ಸಂತೋಷವಾಗುತ್ತಿತ್ತೆಂಬುದನ್ನೂ ಮುಚ್ಚಿಡಲಾರೆ.

ಹೀಗಿರಲು, ನನ್ನ ವರ್ಗದಲ್ಲಿದ್ದ ಐವತ್ತು ದಾಟಿದ ಅಂಗಡಿಕಾರರೊಬ್ಬರಿಗೆ ಸರ್ವಾಂಗಾಸನದ ತರುವಾಯ ಕುತ್ತಿಗೆ ಹಿಡಿಯಿತು. ‘ಇನ್ನೂ ನೆಟ್ಟಗೆ’ ಎಂದು ಅವರ ಕಾಲುಗಳನ್ನು ಎತ್ತಿ ಹಿಡಿದವನು ನಾನೇ. ವೈದ್ಯರು ಆಸನಗಳನ್ನೆಲ್ಲ ನಿಲ್ಲಿಸಿದರು. ಗುಣವಾದ ಮೇಲೆ ಅವರು ನನ್ನಲ್ಲಿಗೆ ಬರಲಿಲ್ಲ. ಪಕ್ಕದ ಓಣಿಗೆ ಹೋದರು. ಶಿಷ್ಯನನ್ನು ಸೆಳೆದುಕೊಂಡರೆಂಬ ಸಿಟ್ಟಿನಿಂದ ನಾನೂ ಅಲ್ಲಿಗೆ ನಡೆದೆ. ಆ ಮಾಸ್ತರರು ನನ್ನನ್ನು ಏನೂ ಕೇಳಲಿಲ್ಲ. ಒಂದು ಚಾದರವನ್ನು ಕೈಗಿತ್ತು, ‘ಬಂದದ್ದು ಒಳ್ಳೆಯದಾಯಿತು, ಹಾಸಿಕೊಳ್ಳಿರಿ’ ಎಂದರು.

ಅಂದು ನನಗೆ ತಿಳಿದದ್ದಿಷ್ಟು: ಬರಿಯ ನೆಲದ ಮೇಲೆ ಸರ್ವಾಂಗಾಸನ ಮಾಡಿ ದೇಹವನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಕುತ್ತಿಗೆಯು ಹೆಚ್ಚುಕಡಿಮೆ ಲಂಬಕೋನದಷ್ಟು ಬಾಗಬೇಕಾಗುತ್ತದೆ. ದಿನವಿಡೀ ಗಲ್ಲೆಯ ಮುಂದೆ ಕುಳಿತು ಬಿಗಿದುಹೋದ ಕುತ್ತಿಗೆಗೆ ಅದು ಸಲ್ಲದು. ಮೂರು ನಾಲ್ಕು ದಪ್ಪ ಚಾದರಗಳನ್ನು ಮಡಿಸಿ ಭುಜಗಳ ಕೆಳಗಿಟ್ಟು, ತಲೆಯನ್ನು ಅವುಗಳ ಅಂಚಿನಾಚೆ ನೆಲದ ಮೇಲಿರಿಸಿದರೆ ಆ ಬಾಗು ಕಡಿಮೆಯಾಗುತ್ತದೆ. ಭಾರವು ಭುಜ ಹಾಗೂ ತೋಳುಗಳ ಮೇಲೆ ಬೀಳುತ್ತದೆ. ಊರೂರಿಗೆ ಚಾದರ ನೇಯ್ದು ಕಳಿಸುವ ಸೊಲ್ಲಾಪುರದಲ್ಲಿದ್ದೂ ಇದನ್ನರಿಯಲು ನನಗೆ ಇಷ್ಟು ವರ್ಷ ಬೇಕಾಯಿತು!

ಮನೆಗೆ ಮರಳುವಾಗ ಮೈಸೂರಿನ ಯೋಗಶಾಲೆ ನೆನಪಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಜಗನ್ಮೋಹನ ಅರಮನೆಯಲ್ಲಿ, ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಅದನ್ನು ನಡೆಸಿದರು. 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಅವರಲ್ಲಿ ಕಲಿತ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿಯೇ ನೆಲೆನಿಂತು, ಉಸಿರಿನ ಎಣಿಕೆಗೆ ಹೊಂದಿಸಿ ಒಂದರ ಬೆನ್ನಿಗೊಂದು ಸಾಗುವ ಆಸನಕ್ರಮವನ್ನು ಕಲಿಸಿದರು. ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಮಾತು ಬಾರದ ಪುಣೆಗೆ ಬಂದು ಬೇರೂರಿದರು. ಅಂಗಾಂಗಗಳ ಸರಿಯಾದ ನಿಲುವನ್ನು ಸಾಧಿಸಲು ಹಗ್ಗ, ಕುರ್ಚಿ, ಕಂಬಳಿಗಳನ್ನು ಬಳಸುವ ವಿಧಾನವನ್ನು ಬೆಳೆಸಿದರು. ಗುರುಗಳ ಪುತ್ರ ಟಿ. ಕೆ. ವಿ. ದೇಶಿಕಾಚಾರರು ಮದ್ರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಆರೋಗ್ಯಗಳಿಗೆ ತಕ್ಕಂತೆ ಅಭ್ಯಾಸವನ್ನು ಹೊಂದಿಸಿಕೊಟ್ಟರು. ಗುರು ಒಬ್ಬರು, ದಾರಿ ಮೂರು. ನಾನು ಮೈಸೂರಿನ ದಾರಿಯವನು, ಚಾದರದ ಮಾಸ್ತರರು ಪುಣೆಯ ದಾರಿಯವರು. ಒಂದೇ ಮನೆಯ ಮಕ್ಕಳಾಗಿ, ನಡುವೆ ನಾನೇ ಗೋಡೆ ಕಟ್ಟಿಕೊಂಡಿದ್ದೆ.

ಒಮ್ಮೆ ಬಾಗಿಲು ತೆರೆದ ಮೇಲೆ ಬೇರೆ ಗುರುಗಳೂ ದೊರೆತರು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಯೋಗ ಕಲಿಸುವ ಸಹೋದರಿಯೊಬ್ಬರು ನಮ್ಮ ಊರಿನಲ್ಲಿದ್ದಾರೆ. ಅವರು ಮೊದಲ ವಾರ ಒಂದು ಆಸನವನ್ನೂ ಹೇಳಿಕೊಡಲಿಲ್ಲವಂತೆ. ಆ ಹೆಣ್ಣುಮಕ್ಕಳ ಪಕ್ಕದಲ್ಲಿ ಕುಳಿತು, ಮೊರದ ಮೇಲೆ ಬಾಗಿದ ಕುತ್ತಿಗೆಯನ್ನೂ, ಎಲೆ ಸುತ್ತಿ ಸುತ್ತಿ ಸೋತ ಬೆರಳುಗಳನ್ನೂ ನೋಡಿದರು. ಇಂದಿಗೂ ಅವರ ಪಾಠ ಬೆರಳು, ಮಣಿಕಟ್ಟು, ಭುಜಗಳಿಂದಲೇ ಆರಂಭವಾಗುತ್ತದೆ. ಸಂಸ್ಕೃತದ ಹೆಸರುಗಳನ್ನು ಬದಿಗಿರಿಸಿ ಒಬ್ಬಳಿಗೆ ಕನ್ನಡದಲ್ಲಿ, ಒಬ್ಬಳಿಗೆ ತೆಲುಗಿನಲ್ಲಿ, ಮತ್ತೊಬ್ಬಳಿಗೆ ಮರಾಠಿಯಲ್ಲಿ ಹೇಳುತ್ತಾರೆ. ಆಸನವನ್ನು ಕಲಿಸುವ ಮುನ್ನ ಆ ದೇಹವು ದಿನವನ್ನು ಹೇಗೆ ಕಳೆಯುತ್ತದೆಂಬುದನ್ನು ತಿಳಿಯಬೇಕೆಂಬುದು ನನಗೆ ಅಲ್ಲಿ ಮನದಟ್ಟಾಯಿತು.

ಎಲ್ಲಕ್ಕಿಂತ ಕಹಿಯಾದ ಔಷಧವನ್ನು ಕೊಟ್ಟವನು ನನ್ನ ಹಳೆಯ ಶಿಷ್ಯ. ಈಗ ಅವನೂ ಶಿಕ್ಷಕ. ನನ್ನ ವರ್ಗವನ್ನು ಒಂದು ದಿನ ನೋಡಿ, ‘ಮಾಸ್ತರರೇ, ತಾವು ಗಟ್ಟಿಯಾಗಿ ಎಣಿಸುವಾಗ ಹಿಂದಿನ ಸಾಲಿನವರು ಉಸಿರು ಕಟ್ಟುತ್ತಾರೆ’ ಎಂದ. ಎರಡು ದಿನ ನನಗೆ ಅವನ ಮುಖ ನೋಡಲು ಮನಸ್ಸಾಗಲಿಲ್ಲ. ಮೂರನೆಯ ದಿನ ಎಣಿಕೆಯನ್ನು ನಿಲ್ಲಿಸಿ ಸುಮ್ಮನೆ ಸಾಲುಗಳ ನಡುವೆ ನಡೆದೆ. ನನ್ನ ಎಣಿಕೆಯು ನನ್ನ ಉಸಿರಿನದಾಗಿತ್ತು, ಅವರದಾಗಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದವರೆಲ್ಲ ವಯಸ್ಸಾದವರು. ಅವರ ಉಸಿರು ಗಿಡ್ಡ.

ಈಗ ನಾವು ನಾಲ್ವರು ಪ್ರತಿ ತಿಂಗಳ ಕೊನೆಯ ರವಿವಾರ ಸೇರುತ್ತೇವೆ. ಒಬ್ಬರು ಕಲಿಸಬೇಕು, ಉಳಿದವರು ಶಿಷ್ಯರಾಗಿರಬೇಕು. ನಮ್ಮಲ್ಲಿ ಮೂರೇ ಕಟ್ಟಳೆಗಳಿವೆ. ಒಬ್ಬರ ದೋಷವನ್ನು ಅವರ ಶಿಷ್ಯರ ಮುಂದೆ ಆಡಬಾರದು. ಇನ್ನೊಬ್ಬರಿಂದ ಕಂಡು ಕಲಿತದ್ದನ್ನು ತಾನು ಕೆಲವು ತಿಂಗಳು ಅಭ್ಯಾಸ ಮಾಡದೆ ಯಾರಿಗೂ ಕಲಿಸಬಾರದು. ಯಾರ ವರ್ಗದಲ್ಲಿ ಯಾರಿಗೆ ನೋವಾದರೂ ಅದನ್ನು ಮುಚ್ಚಿಡದೆ ಎಲ್ಲರ ಮುಂದೆ ಹೇಳಬೇಕು. ಈ ಕೊನೆಯದೇ ಬಲು ಕಷ್ಟದ್ದು. ಆದರೆ ನಮಗೆ ಹೆಚ್ಚು ಕಲಿಸಿದ್ದೂ ಅದೇ. ರಕ್ತದೊತ್ತಡ ಹೆಚ್ಚಿರುವವರಿಗೂ, ಗ್ಲಾಕೋಮಾ ಎಂಬ ಕಣ್ಣಿನ ಬೇನೆಯುಳ್ಳವರಿಗೂ ಶೀರ್ಷಾಸನ ಬೇಡವೆಂದು ಪುಸ್ತಕಗಳಲ್ಲಿ ಓದಿದ್ದೆವು. ಹೊಸಬರು ಬಂದಾಗ ಇವನ್ನು ಕೇಳಿ ಬರೆದಿಟ್ಟುಕೊಳ್ಳುವ ಅಭ್ಯಾಸ ಹತ್ತಿದ್ದು ಮಾತ್ರ ಪರಸ್ಪರರ ತಪ್ಪುಗಳನ್ನು ಕೇಳಿದ ಮೇಲೆಯೇ.

ದಾರಿಗಳನ್ನೆಲ್ಲ ಕಲಸಿ ಒಂದು ಮಾಡಬೇಕೆಂದು ನನ್ನ ಅಭಿಪ್ರಾಯವಲ್ಲ. ನಾನು ಇಂದಿಗೂ ಮೈಸೂರಿನ ಕ್ರಮವನ್ನೇ ಕಲಿಸುತ್ತೇನೆ. ಆದರೆ ಗುಡಿಯ ಪ್ರಾಂಗಣದ ಮೂಲೆಯಲ್ಲಿ ಈಗ ಹನ್ನೆರಡು ಚಾದರಗಳ ಒಂದು ಅಟ್ಟಿಯಿದೆ.

ಆ ಅಂಗಡಿಕಾರರು ನನ್ನ ವರ್ಗಕ್ಕೆ ಮರಳಲಿಲ್ಲ. ಅವರಲ್ಲಿ ತಪ್ಪೊಪ್ಪಿಕೊಂಡಿದ್ದೇನೆ, ಅವರು ನಕ್ಕು ಸುಮ್ಮನಾದರು. ಪಕ್ಕದ ಓಣಿಯಲ್ಲಿ ಪಾಠವಿರುವ ರವಿವಾರ ಅವರೂ ಬರುತ್ತಾರೆ. ಅಂದು ಅವರ ಪಕ್ಕದಲ್ಲಿ ನನ್ನ ಚಾದರವನ್ನು ಹಾಸಿಕೊಳ್ಳುತ್ತೇನೆ. ಮಡಿಕೆಯ ಅಂಚು ಸರಿಯಾಗಿಲ್ಲದಿದ್ದರೆ ಅವರೇ ಅದನ್ನು ತಿದ್ದುತ್ತಾರೆ.